ಸ್ಮೋಕರ್ ಮೇಡಂ

ಹೊಗೆ ಎಂದರೇನು ಎಂಬುದನ್ನು ನನ್ನಷ್ಟು ಸ್ಪಷ್ಟವಾಗಿ ಬಲ್ಲವರು ಹೇರೋಹಳ್ಳಿಯ ನಮ್ಮ ಅಡ್ಡರಸ್ತೆಯಲ್ಲಿ ಇನ್ನೊಬ್ಬರಿಲ್ಲ ಎಂದೇ ನಾನು ನಂಬಿದ್ದೆ. ನಂಬದೆ ಇನ್ನೇನು ಮಾಡಲಿ? ಮಹಾಲಕ್ಷ್ಮಿ ಲೇಔಟಿನ ಕಾಲೇಜೊಂದರಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುತ್ತಿದ್ದೇನೆ. ಶಾಖ ಹೇಗೆ ಹರಿಯುತ್ತದೆ, ಬಿಸಿಗಾಳಿ ಏಕೆ ಮೇಲೇರುತ್ತದೆ, ಅನಿಲದ ಕಣಗಳು ಹೇಗೆ ಹರಡುತ್ತವೆ, ಇವನ್ನೆಲ್ಲ ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ವಿವರಿಸಿದ್ದೇನೆ. ಬೋರ್ಡಿನ ಮೇಲಿನ ಬಾಣ ಯಾವತ್ತೂ ನಾನು ಬರೆದ ಕಡೆಗೇ ಹೋಗಿದೆ. ನಮ್ಮ ಮನೆಯ ಮಹಡಿಯ ಮೇಲೂ ಹಾಗೇ ಹೋಗುತ್ತದೆ ಎಂದುಕೊಂಡೆ.

ಇದಕ್ಕೆಲ್ಲ ಮೂಲ ನಮ್ಮ ಮಾವ. ಅಂದರೆ ನನ್ನ ಗಂಡ ನಾಗರಾಜು ಅವರ ತಂದೆ. ಎಂಬತ್ತು ದಾಟಿದ ಮನುಷ್ಯ. ನಮ್ಮ ಮನೆ ನಿಂತಿರುವುದು ಅವರು ಒಂದು ಕಾಲದಲ್ಲಿ ರಾಗಿ ಬಿತ್ತುತ್ತಿದ್ದ ಹೊಲದ ಮೇಲೆ. ಹೊಲ ಸೈಟಾಯಿತು, ಸೈಟು ಮನೆಯಾಯಿತು, ರಸ್ತೆ ಮಾತ್ರ ಇನ್ನೂ ಹೊಲವಾಗಿಯೇ ಉಳಿದಿದೆ.

ನಾನು ಮದುವೆಯಾಗಿ ಬಂದ ಹೊಸತರಲ್ಲಿ ನನಗೆ ಮುದ್ದೆ ತಿರುವಲು ಬರುತ್ತಿರಲಿಲ್ಲ. ನಾನು ಮಾಡಿದ ಮುದ್ದೆಯನ್ನು ಮುರಿದರೆ ಒಳಗಿನಿಂದ ಒಣ ಹಿಟ್ಟು ಧೂಳೆದ್ದಂತೆ ಏಳುತ್ತಿತ್ತು. ಮಾವ ಅದನ್ನು ಸಾರಿನಲ್ಲಿ ಮುಳುಗಿಸಿ, ನುಂಗಿ, ಒಂದು ಲೋಟ ನೀರು ಕುಡಿದು, ಚೆನ್ನಾಗದೆ ಕಣವ್ವ ಎನ್ನುತ್ತಿದ್ದರು. ಆಗ ಇದ್ದ ನಮ್ಮ ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಮಗಳು ಹುಟ್ಟಿದ ಮೇಲೆ ನಾನು ಎಂ.ಎಸ್ಸಿ. ಪರೀಕ್ಷೆಗೆ ಓದಲು ಕುಳಿತಾಗ, ಅಳುವ ಕೂಸನ್ನು ಹೆಗಲಿಗೆ ಹಾಕಿಕೊಂಡು ಹೊಲದ ಬದುವಿನ ಮೇಲೆ ಅತ್ತಿತ್ತ ಓಡಾಡಿದವರು ಇದೇ ಮಾವ. ನನ್ನ ಡಿಗ್ರಿಯಲ್ಲಿ ಅರ್ಧ ಅವರ ಹೆಗಲಿನದು ಎಂದು ನಾನು ಈಗಲೂ ಹೇಳುತ್ತೇನೆ.

ಅಂಥ ಮಾವನಿಗೆ ಒಂದು ಜ್ವರ ಬಂತು. ಜ್ವರ ಹೋಯಿತು, ಹೋಗುವಾಗ ಅವರ ಮೂಗಿನ ವಾಸನೆ, ನಾಲಿಗೆಯ ರುಚಿ ಎರಡನ್ನೂ ಜೊತೆಯಲ್ಲಿ ಒಯ್ದಿತು. ಅದು ನಮಗೆ ಗೊತ್ತಾದದ್ದೂ ತಡವಾಗಿ. ಏಕೆಂದರೆ ಅವರು ಹೇಳಲೇ ಇಲ್ಲ. ಊಟ ದಿನದಿನಕ್ಕೆ ಕಡಿಮೆಯಾಗುತ್ತಿತ್ತು, ಅಂಗಿ ಹ್ಯಾಂಗರಿಗೆ ತೂಗುಹಾಕಿದ ಹಾಗೆ ಮೈಮೇಲೆ ನೇತಾಡುತ್ತಿತ್ತು, ಕೇಳಿದರೆ ಸಾಕು ಕಣವ್ವ ಹೊಟ್ಟೆ ತುಂಬ್ತು ಎನ್ನುತ್ತಿದ್ದರು. ಒಂದು ದಿನ ಕಾಲೇಜಿಗೆ ಹೊರಡುವ ಅವಸರದಲ್ಲಿ ನಾನು ಕಾಫಿಗೆ ಸಕ್ಕರೆ ಎಂದು ಪುಡಿ ಉಪ್ಪು ಹಾಕಿದೆ. ಒಂದು ಗುಟುಕು ಕುಡಿದ ನನ್ನ ಗಂಡ ಸಿಂಕಿನ ಕಡೆಗೆ ಓಡಿದರು. ನಾನು ಮಾವನ ಕೋಣೆಗೆ ಓಡಿದೆ. ಅಷ್ಟರಲ್ಲಿ ಅವರ ಲೋಟ ಖಾಲಿಯಾಗಿತ್ತು.

"ಚೆನ್ನಾಗದೆ ಕಣವ್ವ," ಎಂದರು.

ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಎಷ್ಟು ದಿನಗಳಿಂದ ಈ ಮನುಷ್ಯ ನನ್ನ ಮನಸ್ಸಿಗೆ ನೋವಾಗಬಾರದೆಂದು ರುಚಿಯಿಲ್ಲದ್ದನ್ನು ಹೀಗೆ ನುಂಗುತ್ತಿದ್ದರೋ!

ಬಸವೇಶ್ವರನಗರದ ಡಾಕ್ಟರು ನೋಡಿದರು. ಇದು ತಾನಾಗಿಯೇ ವಾಪಸು ಬರಬಹುದು, ಯಾವಾಗ ಎಂದು ಹೇಳಲಾಗದು, ಅವರಿಗೆ ಚೆನ್ನಾಗಿ ಪರಿಚಯವಿರುವ ಘಾಟು ವಾಸನೆಗಳನ್ನು ಆಗಾಗ ಮೂಸಿಸುತ್ತಿರಿ, ಮುಖ್ಯವಾಗಿ ಹೇಗಾದರೂ ಊಟ ಮಾಡಿಸಿ ಎಂದರು. ನಾವು ಲವಂಗ ಹಿಡಿದೆವು, ಬೆಳ್ಳುಳ್ಳಿ ಜಜ್ಜಿ ಹಿಡಿದೆವು, ಕಾಫಿಪುಡಿ ಡಬ್ಬಿಯನ್ನೇ ಮೂಗಿಗೆ ಹಿಡಿದೆವು. ಮಾವ ವಿಧೇಯ ವಿದ್ಯಾರ್ಥಿಯಂತೆ ಮೂಸಿ ತಲೆಯಾಡಿಸುತ್ತಿದ್ದರು. ಏನೂ ಬರುತ್ತಿರಲಿಲ್ಲ.

ಒಂದು ಸಂಜೆ ನಿಮಗೆ ತುಂಬಾ ಇಷ್ಟವಾದ ವಾಸನೆ ಯಾವುದು ಮಾವ ಎಂದು ಕೇಳಿದೆ. ಅವರು ಬಹಳ ಹೊತ್ತು ಯೋಚಿಸಿ ಅವರ ಅವ್ವ ಮಾಡುತ್ತಿದ್ದ ಉಪ್ಪುಕಂಡದ ಮಾತು ತೆಗೆದರು. ಮಾಂಸದ ತುಂಡುಗಳಿಗೆ ಉಪ್ಪು, ಅರಿಶಿನ, ಖಾರ ಹಚ್ಚಿ, ದಾರಕ್ಕೆ ಪೋಣಿಸಿ, ಬಿಸಿಲಿಗೆ ಒಣಗಿಸಿ, ಆಮೇಲೆ ಸೌದೆ ಒಲೆಯ ಮೇಲ್ಗಡೆ ಹಗ್ಗಕ್ಕೆ ತೂಗುಹಾಕುತ್ತಿದ್ದರಂತೆ. ಹೊಗೆ ಕುಡಿದು ಕುಡಿದು ಅದು ಕಪ್ಪಾಗುತ್ತಿತ್ತಂತೆ. ಮಳೆ ಹಿಡಿದ ದಿನ ಎರಡು ತುಂಡು ಕೆಂಡದ ಮೇಲೆ ಸುಟ್ಟು ಜಜ್ಜಿದರೆ ಆ ವಾಸನೆಗೇ ಒಂದು ಮುದ್ದೆ ಒಳಗೆ ಹೋಗುತ್ತಿತ್ತಂತೆ. ಹೇಳುವಾಗ ಅವರ ಗಂಟಲು ಆಡಿದ್ದನ್ನು ನಾನು ನೋಡಿದೆ. ತಿಂಗಳುಗಳಿಂದ ಊಟದ ಬಗ್ಗೆ ಅವರು ಅಷ್ಟು ಮಾತಾಡಿರಲಿಲ್ಲ.

ನನ್ನ ತಲೆಯಲ್ಲಿ ದೀಪ ಹತ್ತಿತು. ಹೊಗೆ ತಾನೇ? ಅದು ನನ್ನ ವಿಷಯ!

ಸೌದೆ ಒಲೆ ಎಲ್ಲಿಂದ ತರುವುದು ಎಂದು ಹುಡುಕುತ್ತ ಹೋದವಳು ಇಂಟರ್‌ನೆಟ್ಟಿನಲ್ಲಿ ಸ್ಮೋಕರ್ ಎಂಬ ಯಂತ್ರದ ಮುಂದೆ ಬಂದು ನಿಂತೆ. ಕಪ್ಪು ಡ್ರಮ್ಮು. ಕೆಳಗೆ ಕೆಂಡ, ಮೇಲೆ ಜಾಲರಿ, ಅದರ ಮೇಲೆ ಕೊಕ್ಕೆಗಳು, ಮುಚ್ಚಳದ ಮೇಲೆ ಗಡಿಯಾರದಂಥ ಉಷ್ಣಮಾಪಕ. ವಿಡಿಯೋದಲ್ಲಿ ದಪ್ಪ ಮೀಸೆಯ ಅಮೆರಿಕದವನೊಬ್ಬ ಅದರ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕಾಲುಚಾಚಿ ಕುಳಿತಿದ್ದ. ಅವನಿಗೇ ಬರುವುದಾದರೆ ನನಗೆ ಬಾರದೆ ಇರುತ್ತದೆಯೇ? ಗಂಡನಿಗೂ ಹೇಳದೆ ತರಿಸಿದೆ.

ನಮ್ಮ ರಸ್ತೆಯನ್ನು ಆ ವಾರವೂ ಅಗೆದಿದ್ದರು. ಡೆಲಿವರಿಯವನ ಗಾಡಿ ಮೂಲೆಯಲ್ಲೇ ನಿಂತಿತು. ಅವನು ನಡೆದು ಬಂದು ಒಂದೊಂದು ಗೇಟಿನ ಮುಂದೂ ನಿಂತು, ಸ್ಮೋಕರ್ ಆರ್ಡರ್ ಮಾಡಿದ್ದ ಮೇಡಂ ಮನೆ ಯಾವುದು ಎಂದು ವಿಚಾರಿಸಿದ. ಎರಡು ಮನೆ ದಾಟುವಷ್ಟರಲ್ಲಿ ಆ ಪ್ರಶ್ನೆ ಸವೆದು, ಸ್ಮೋಕರ್ ಮೇಡಂ ಮನೆ ಯಾವುದು ಎಂದಾಯಿತು. ಸಂಜೆ ತರಕಾರಿ ಗಾಡಿಯ ಹತ್ತಿರ ನಿಂತಿದ್ದ ಹೆಂಗಸರು ನನ್ನನ್ನು ನೋಡಿ ಥಟ್ಟನೆ ಮಾತು ನಿಲ್ಲಿಸಿದರು. ಒಬ್ಬರಂತೂ ಬಹಳ ಕಾಳಜಿಯಿಂದ, ಟೆನ್ಷನ್ ಜಾಸ್ತಿ ಇದ್ದರೆ ಯೋಗ ಮಾಡಿ ಮೇಡಂ, ಎಲ್ಲ ಬಿಡಬಹುದು ಎಂದರು.

ಪೆಟ್ಟಿಗೆ ನೋಡಿ ನನ್ನ ಗಂಡ ಏನೂ ಅನ್ನಲಿಲ್ಲ. ಅವರು ಏನೂ ಅನ್ನದಿದ್ದರೆ ಅದು ಒಳ್ಳೆಯ ಲಕ್ಷಣವಲ್ಲ. ನಾನೇ ಬಿಚ್ಚಿ, ನಾನೇ ಜೋಡಿಸಿದೆ. ಜೋಡಿಸಿ ಮುಗಿದ ಮೇಲೆ ಒಂದು ಅಗಲವಾದ ತಟ್ಟೆ ಉಳಿಯಿತು. ಇದು ಎಲ್ಲಿಗೆ ಎಂದು ಗಂಡ ಕೇಳಿದರು. ಇದು ಕೆಂಡಕ್ಕೂ ಜಾಲರಿಗೂ ನಡುವೆ ಅಡ್ಡ ಬಂದು ಶಾಖ ಮೇಲೇರುವುದನ್ನು ತಡೆಯುತ್ತದೆ, ಆದ್ದರಿಂದ ಬೇಡ ಎಂದು ನಾನು ತೀರ್ಪು ಕೊಟ್ಟೆ.

"ಅವ್ರು ಸುಮ್ನೆ ಕೊಟ್ಟಿರ್ತಾರೇನೇ?" ಎಂದರು.

ಅದು ಎಕ್ಸ್‌ಟ್ರಾ ಎಂದು ಹೇಳಿ ಆ ತಟ್ಟೆಯಲ್ಲಿ ಗುಬ್ಬಿಗಳಿಗೆಂದು ನೀರು ತುಂಬಿ ಮೂಲೆಯಲ್ಲಿಟ್ಟೆ.

ಮುಂದಿನದು ಸೌದೆ. ಹಣ್ಣಿನ ಮರದ ಸೌದೆಯೇ ಆಗಬೇಕು, ಸೇಬು ಅಥವಾ ಚೆರ್ರಿ ಎಂದು ಮೀಸೆಯವನು ಹೇಳಿದ್ದ. ಹೇರೋಹಳ್ಳಿಯಲ್ಲಿ ಚೆರ್ರಿ ಸಿಗುವುದು ಬೇಕರಿಯ ಕೇಕಿನ ಮೇಲೆ ಮಾತ್ರ. ಆದರೆ ಅದೃಷ್ಟ ನೋಡಿ, ಅದೇ ವಾರ ಕಾಲೇಜಿನಿಂದ ನಂದಿನಿ ಲೇಔಟ್ ಮೇಲೆ ಬರುವಾಗ ರಸ್ತೆಬದಿಯಲ್ಲಿ ಯಾವುದೋ ಹಳೆಯ ಮರ ಕಡಿದು, ಒಣಗಿದ ತುಂಡುಗಳನ್ನು ರಾಶಿ ಹಾಕಿದ್ದರು. ಬೇಕಾದರೆ ತಗೊಂಡು ಹೋಗಿ ಎಂದರು ಅಲ್ಲಿದ್ದವರು. ನಯವಾದ ಕಾಂಡ, ಕಾಗದದ ಹಾಗೆ ಸುಲಿದು ಬರುವ ತೊಗಟೆ. ನಮ್ಮ ತವರಿನ ಹಿತ್ತಲಲ್ಲಿ ಸೀಬೆ ಮರ ಇತ್ತು, ಅದರ ತೊಗಟೆ ಹೀಗೇ ಸುಲಿಯುತ್ತಿತ್ತು. ಆದ್ದರಿಂದ ಇದು ಸೀಬೆ ಎಂದು ಖಚಿತಪಡಿಸಿಕೊಂಡೆ. ಯಾರನ್ನೂ ಕೇಳಲಿಲ್ಲ. ಸ್ಕೂಟರಿನ ಮುಂದೆ ಕಾಲಿಡುವ ಜಾಗದಲ್ಲಿ ಆ ತುಂಡುಗಳನ್ನು ಪೇರಿಸಿ, ನನ್ನ ಎರಡು ಕಾಲುಗಳನ್ನೂ ಆಚೀಚೆ ಚಾಚಿಕೊಂಡು, ಕೋಳಿ ರೆಕ್ಕೆ ಬಿಚ್ಚಿದ ಭಂಗಿಯಲ್ಲಿ ಮನೆ ಸೇರಿದೆ. ದಾರಿಯಲ್ಲಿ ನನ್ನ ವಿದ್ಯಾರ್ಥಿಗಳು ಸಿಕ್ಕರು. ನಮಸ್ಕಾರ ಮಾಡಿದರು. ಒಳ್ಳೆಯ ಮಕ್ಕಳು.

ಪಕ್ಕದ ಮನೆಯ ಗಿರಿಜಕ್ಕನಿಗೆ ಮೊದಲೇ ತಿಳಿಸುವುದು ನ್ಯಾಯ ಎನಿಸಿತು. ಅವರು ಧಾರವಾಡದ ಕಡೆಯವರು, ಲಿಂಗಾಯತರು, ಮೊಟ್ಟೆಯನ್ನೂ ಮುಟ್ಟುವವರಲ್ಲ. ಅವರ ಮಹಡಿಗೂ ನಮ್ಮ ಮಹಡಿಗೂ ನಡುವೆ ಸೊಂಟದೆತ್ತರದ ಗೋಡೆ. ಮಾವನಿಗೋಸ್ಕರ ಹೀಗೊಂದು ಪ್ರಯತ್ನ ಮಾಡುತ್ತಿದ್ದೇನೆ, ಭಾನುವಾರ ಸ್ವಲ್ಪ ಹೊಗೆ ಬರಬಹುದು ಎಂದೆ. ಅಜ್ಜಾರು ಉಣ್ಣೂದಾದ್ರ ಏನ್ ಬೇಕಾದ್ರೂ ಹಚ್ಚ್ರಿ ಎಂದರು. ಆದರೆ ಅವರದೂ ಒಂದು ಆಸೆ. ಮೊದಲು ಕಾಯಿಪಲ್ಲೆ ಹೊಗೆಯಾಡಿಸಬೇಕು, ಮಾಂಸ ಅದಾದ ಮೇಲೆ, ಹಾಗಾದರೆ ತಮಗೂ ಎರಡು ಬದನೆಕಾಯಿ ಕೊಡಬಹುದು. ಒಪ್ಪಿದೆ. ಕಾಯಿಪಲ್ಲೆಗಾಗಿ ಅವರೇ ತಮ್ಮ ಮನೆಯ ಹೊಸ ಇಕ್ಕಳವನ್ನೂ ಕೊಟ್ಟರು.

ಭಾನುವಾರ ಬೆಳಿಗ್ಗೆ ಇಸ್ತ್ರಿ ಅಂಗಡಿಯಿಂದ ತಂದ ಇದ್ದಿಲಿಗೆ ಬೆಂಕಿ ಕೊಟ್ಟೆ. ಮೇಲೆ ಸೀಬೆಯ ತುಂಡುಗಳು. ಜಾಲರಿಯ ಮೇಲೆ ಬದನೆಕಾಯಿ, ಮುಸುಕಿನ ಜೋಳ, ಗೆಣಸು, ಟೊಮೆಟೊ, ದೊಣ್ಣೆ ಮೆಣಸಿನಕಾಯಿ. ಡ್ರಮ್ಮಿನ ಕೆಳಗೂ ಮೇಲೂ ಕೆಲವು ರಂಧ್ರಗಳಿದ್ದವು. ರಂಧ್ರವಿದ್ದಲ್ಲಿ ಶಾಖ ನಷ್ಟವಾಗುತ್ತದೆ ಎಂಬುದು ಹತ್ತನೇ ತರಗತಿಯ ಪಾಠ. ಎಲ್ಲವನ್ನೂ ಬಿಗಿಯಾಗಿ ಮುಚ್ಚಿದೆ. ಬೆಂಕಿಗೆ ಉಸಿರಾಡಲು ಗಾಳಿ ಬೇಕು ಎಂಬುದು ಏಳನೇ ತರಗತಿಯ ಪಾಠ. ಅಷ್ಟು ಕೆಳಗಿನ ತರಗತಿಗಳಿಗೆ ನಾನು ಪಾಠ ಮಾಡುವುದಿಲ್ಲ.

ಮೊದಲು ಮುಚ್ಚಳದ ಅಂಚಿನಿಂದ ಒಂದು ಎಳೆ ಬಿಳಿ ಹೊಗೆ ಬಂತು. ನಾನು ಚಪ್ಪಾಳೆ ತಟ್ಟಿದೆ. ಆಮೇಲೆ ಹಗ್ಗದಷ್ಟು ಬಂತು. ಆಮೇಲೆ ಡ್ರಮ್ಮೇ ಕಾಣದಂತೆ ಬಂತು. ಅದು ಮೇಲೇರಲಿಲ್ಲ. ನನ್ನ ಬಾಣದ ಗುರುತುಗಳನ್ನೆಲ್ಲ ತಿರಸ್ಕರಿಸಿ, ದಪ್ಪವಾಗಿ, ನಿಧಾನವಾಗಿ, ಸೊಂಟದೆತ್ತರದ ಗೋಡೆಯನ್ನು ದಾಟಿ ಗಿರಿಜಕ್ಕನ ಮಹಡಿಗೆ ಹೋಗಿ ಕುಳಿತುಕೊಂಡಿತು. ಅಲ್ಲಿ ಮಂಚದ ಮೇಲೆ ಬಿಳಿ ಪಂಚೆ ಹಾಸಿ ಅವರು ಶಾವಿಗೆ ಒಣಹಾಕಿದ್ದರು.

ಕೆಳಗೆ ರಸ್ತೆಯಲ್ಲಿ ಜನ ನಿಂತು ಮೇಲೆ ನೋಡತೊಡಗಿದರು. ಆಂಟಿ, ಬೆಂಕಿ ಬಿದ್ದಿದೆಯಾ ಎಂದು ಯಾರೋ ಕೂಗಿ ಕೇಳಿದರು. ಬಿದ್ದಿಲ್ಲಪ್ಪ, ನಾನೇ ಹಾಕಿದ್ದು ಎಂದು ನನ್ನ ಗಂಡ ನನ್ನ ಪರವಾಗಿ ಗೌರವದಿಂದ ಉತ್ತರಿಸಿದರು. ಕಸ ಸುಡುವುದಕ್ಕೆ ದಂಡ ಹಾಕುತ್ತಾರೆ ಎಂದು ಇನ್ನೊಬ್ಬರು ನೆನಪಿಸಿದರು. ಒಳಗಿರುವುದು ಬದನೆಕಾಯಿ ಎಂದರೆ ಅವರು ನಂಬಲಿಲ್ಲ.

ಬದನೆಕಾಯಿ ಹೊರಬಂದಾಗ ಹೊರಗೆ ಹಳದಿ ಬಣ್ಣದ ಅಂಟು, ಒಳಗೆ ಹಸಿ. ಗಿರಿಜಕ್ಕ ಗೋಡೆಯ ಆಚೆಯಿಂದಲೇ ಒಂದು ಚೂರು ಬಾಯಿಗಿಟ್ಟರು. ಅವರ ಹುಬ್ಬು ಮೇಲೇರಿತು.

"ಏನ್ರೀ ಸುನಂದಕ್ಕ, ಔಷಧ ವಾಸನಿ ಬರ್ತೈತಲ್ರೀ ಇದು?"

ಅದು ಹೊಸ ಡ್ರಮ್ಮಿನ ಬಣ್ಣದ ವಾಸನೆ, ಜೊತೆಗೆ ಸೀಬೆ ಸೌದೆಯ ಸಹಜ ಸುವಾಸನೆ ಎಂದು ವಿವರಿಸಿದೆ. ಪೇರಲಗಿಡದ ವಾಸನಿ ಹಿಂಗ ಇರತೈತೇನು ಎಂದು ಅವರು ತಮಗೆ ತಾವೇ ಕೇಳಿಕೊಂಡು, ಉಳಿದ ಬದನೆಕಾಯಿಯನ್ನು ಸೆರಗಿನ ಮರೆಯಲ್ಲಿ ಮೆಲ್ಲಗೆ ಕುಂಡದ ಹಿಂದೆ ಇಟ್ಟರು. ನಾನು ನೋಡದ ಹಾಗೆ ಮಾಡಿದೆ. ನಮ್ಮ ಮೂಗುಗಳಂತೂ ಆ ಹೊತ್ತಿಗೆ ಹೊಗೆ ತುಂಬಿ ಕಟ್ಟಿಹೋಗಿದ್ದವು.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಕೆಳಗೆ ಕೋಣೆಯಲ್ಲಿ ಮಾವ ಟೀವಿ ಮುಂದೆ ಸುಮ್ಮನೆ ಕುಳಿತಿದ್ದರು. ಬೆಳಿಗ್ಗೆ ಇಡ್ಲಿಯಲ್ಲಿ ಅರ್ಧ ಬಿಟ್ಟಿದ್ದರು. ಎರಡು ದಿನ ಮಸಾಲೆ ಹಚ್ಚಿಟ್ಟ ಮಾಂಸ ಫ್ರಿಜ್ಜಿನಲ್ಲಿತ್ತು. ಅವರ ಅವ್ವನ ಕ್ರಮದಲ್ಲೇ ಉಪ್ಪು, ಅರಿಶಿನ, ಖಾರ. ಅದನ್ನು ನೋಡಿದಾಗ ಹಿಂದೆ ಸರಿಯಲು ಮನಸ್ಸಾಗಲಿಲ್ಲ. ಜಾಲರಿಯನ್ನು ತಿಕ್ಕಿ ತೊಳೆದು ತೆಗೆದಿಟ್ಟು, ಕೊಕ್ಕೆಗಳಿಗೆ ತುಂಡುಗಳನ್ನು ಸಿಕ್ಕಿಸಿದೆ. ಈ ಸಲ ಗಂಡನ ಸಲಹೆಯಂತೆ ರಂಧ್ರಗಳನ್ನೆಲ್ಲ ತೆರೆದೆ. ಬೆಂಕಿ ಚುರುಕಾಯಿತು. ಹೊಗೆ ತೆಳುವಾಗಿ, ನೀಲಿಯಾಗಿ, ಪಾಠದಲ್ಲಿರುವಂತೆ ಮೇಲಕ್ಕೇ ಏರತೊಡಗಿತು. ಗಿರಿಜಕ್ಕ ಕೂಡ ಈಗ ಬರೋಬ್ಬರಿ ಆತು ಎಂದರು.

ಉಷ್ಣಮಾಪಕದ ಮುಳ್ಳು ನೂರಹತ್ತರ ಮೇಲೆ ಶಾಂತವಾಗಿ ನಿಂತಿತ್ತು. ಇನ್ನೂರಿಪ್ಪತ್ತೈದು ಇರಬೇಕು ಎಂದು ಮೀಸೆಯವನು ಹೇಳಿದ್ದ. ಇನ್ನೂ ಅರ್ಧ ದಾರಿಯೂ ಆಗಿಲ್ಲ ಎಂದು ನಾನು ಸೌದೆ ತುರುಕಿದೆ. ಮುಳ್ಳು ನೂರೈವತ್ತಕ್ಕೆ ಬಂತು. ಇದ್ದಿಲು ಸುರಿದೆ. ನೂರೆಂಬತ್ತು. ನನ್ನ ಗಂಡ ರಟ್ಟು ಹಿಡಿದು ಕೆಳಗಿನಿಂದ ಬೀಸತೊಡಗಿದರು. ಬೆವರು ಸುರಿಸುತ್ತ, ಯಾಕೋ ಜಾಸ್ತಿ ಆಗ್ತಿದೆ ಅನ್ಸಲ್ವಾ ಎಂದು ಒಮ್ಮೆ ಕೇಳಿದರು. ನಾನು ಉಷ್ಣದ ಬಗ್ಗೆ ನನಗೆ ಹೇಳಿಕೊಡಬೇಡಿ ಎಂಬರ್ಥದಲ್ಲಿ ಅವರ ಕಡೆ ನೋಡಿದೆ. ಅವರು ಇನ್ನೂ ಜೋರಾಗಿ ಬೀಸಿದರು.

ಅಮೆರಿಕದವರು ಫ್ಯಾರನ್‌ಹೀಟಿನಲ್ಲಿ ಲೆಕ್ಕ ಹೇಳುತ್ತಾರೆ. ನಮ್ಮ ಡ್ರಮ್ಮಿನ ಮಾಪಕ ಸೆಲ್ಸಿಯಸ್ಸಿನದು. ಮುಳ್ಳು ಮೊದಲು ನಿಂತಿದ್ದ ಜಾಗವೇ ಸರಿಯಾದ ಜಾಗ. ಒಂದನ್ನು ಇನ್ನೊಂದಕ್ಕೆ ಬದಲಾಯಿಸುವ ಸೂತ್ರವನ್ನು ಪ್ರತಿ ಜೂನ್ ತಿಂಗಳಲ್ಲಿ ಬೋರ್ಡಿನ ಮೇಲೆ ಬರೆದು, ಚೌಕಟ್ಟು ಹಾಕಿ, ಇದನ್ನು ಜೀವನಪೂರ್ತಿ ಮರೆಯಬೇಡಿ ಎಂದು ಮಕ್ಕಳಿಗೆ ಹೇಳುವವಳು ನಾನೇ.

ಮುಳ್ಳು ಇನ್ನೂರು ದಾಟಿದಾಗ ಒಳಗೆ ಚುರ್ ಎಂದಿತು. ಕರಗಿದ ಕೊಬ್ಬು ನೇರವಾಗಿ ಕೆಂಡಕ್ಕೆ ಬೀಳುತ್ತಿತ್ತು. ನಡುವೆ ತಟ್ಟೆಯಿದ್ದರೆ ಅದರಲ್ಲಿ ಬಿದ್ದಿರುತ್ತಿತ್ತು. ತಟ್ಟೆಯಲ್ಲಿ ಒಂದು ಪಾರಿವಾಳ ಸ್ನಾನ ಮಾಡುತ್ತಿತ್ತು. ಏನಾಯಿತು ನೋಡೋಣ ಎಂದು ನಾನು ಮುಚ್ಚಳ ತೆಗೆದೆ. ಜ್ವಾಲೆ ನನ್ನ ಮುಖದ ಎತ್ತರಕ್ಕೆ ಎದ್ದಿತು. ಗಂಡ ನನ್ನ ತೋಳು ಹಿಡಿದು ಹಿಂದಕ್ಕೆ ಎಳೆದರು, ಇಬ್ಬರೂ ಇದ್ದಿಲ ಚೀಲದ ಮೇಲೆ ಕುಳಿತೆವು. ಕುಳಿತಲ್ಲೇ ನಾನು ನೀರು ನೀರು ಎಂದೆ.

ಗಿರಿಜಕ್ಕ ತಡಮಾಡಲಿಲ್ಲ. ಕೈಗೆ ಸಿಕ್ಕ ಬಕೆಟ್ಟನ್ನು ಎತ್ತಿ ಗೋಡೆಯ ಈಚೆಗೆ ಪೂರ್ತಿ ಸುರಿದರು. ಜನ್ಮದಲ್ಲಿ ಮಾಂಸದ ಅಂಗಡಿಯ ಕಡೆ ತಿರುಗಿಯೂ ನೋಡದ ಹೆಂಗಸು, ನಮ್ಮ ಮಾವನ ಊಟಕ್ಕಾಗಿ ಆ ಬೆಂಕಿ ಆರಿಸಿದರು. ಬುಸ್ಸೆಂದು ಆವಿ ಎದ್ದಿತು. ಆವಿ ಸರಿದ ಮೇಲೆ ನೋಡಿದರೆ, ಅವರು ಪಂಚೆಗಳಿಗೆ ನೀಲಿ ಹಾಕಲು ಕಲಸಿಟ್ಟಿದ್ದ ನೀರು ಅದು. ಕೊಕ್ಕೆಗಳಲ್ಲಿ ಇದ್ದಿಲಿನಷ್ಟು ಕಪ್ಪಗಿನ ತುಂಡುಗಳು ನೇತಾಡುತ್ತಿದ್ದವು. ಅವುಗಳಿಂದ ತೊಟ್ಟು ತೊಟ್ಟಾಗಿ ನೀಲಿ ಇಳಿಯುತ್ತಿತ್ತು.

ನನಗೆ ನಗು ಬರಲಿಲ್ಲ. ಆ ತುಂಡುಗಳ ಕಡೆ ನೋಡುತ್ತ, ಇನ್ನೊಂದು ಭಾನುವಾರವೂ ಆ ಮನುಷ್ಯನಿಗೆ ಮೊಸರನ್ನವನ್ನೇ ಕೊಟ್ಟು ಅವರು ಚೆನ್ನಾಗದೆ ಎನ್ನುವುದನ್ನು ಕೇಳಬೇಕಲ್ಲ ಎನಿಸಿತು.

ಆಗ ಮೆಟ್ಟಿಲ ಬಾಗಿಲಲ್ಲಿ ಕೆಮ್ಮಿದ ಸದ್ದಾಯಿತು. ಗೋಡೆ ಹಿಡಿದುಕೊಂಡು ಮಾವ ನಿಂತಿದ್ದರು. ಜ್ವರ ಬಂದ ಮೇಲೆ ಅವರು ಮಹಡಿ ಹತ್ತಿದ್ದೇ ಇಲ್ಲ. ಒಬ್ಬರೇ ಹತ್ತಿ ಬಂದಿದ್ದರು. ಏದುಸಿರು ಬಿಡುತ್ತಿದ್ದರು, ಮುಖದಲ್ಲಿ ಸಿಟ್ಟಿತ್ತು.

"ನೀಲಗಿರಿ ಸೌದೆ ಯಾಕವ್ವ ಹಾಕ್ದೆ?"

"ನೀಲಗಿರಿ ಅಲ್ಲ ಮಾವ, ಅದು ಸೀಬೆ..." ಎಂದು ಹೇಳಲು ಶುರುಮಾಡಿದ ನಾನು ಮಧ್ಯದಲ್ಲೇ ನಿಂತೆ. ಗಂಡ ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ. ಇಬ್ಬರಿಗೂ ಒಂದೇ ಹೊತ್ತಿಗೆ ಹೊಳೆಯಿತು.

"ಅಪ್ಪಾ, ನಿಂಗೆ ವಾಸ್ನೆ ಬಂತಾ?" ಎಂದು ಗಂಡ ಮೆಲ್ಲಗೆ ಕೇಳಿದರು.

"ಬರ್ದೇ ಇರ್ತದಾ? ಕೆಳ್ಗಡೆ ಕೂತಿದ್ರೆ ಮೂಗೊಳಕ್ಕೇ ನುಗ್ತು. ನಮ್ ತೋಪಿಗೆ ಬೆಂಕಿ ಬಿದ್ದಾಗ ಬಂದಂಗೇ ಬತ್ತಾ ಅದೆ."

ಈಗ ಅಪಾರ್ಟ್‌ಮೆಂಟ್ ಎದ್ದಿರುವ ಜಾಗದಲ್ಲಿ ಹಿಂದೆ ಅವರದೊಂದು ನೀಲಗಿರಿ ತೋಪು ಇತ್ತಂತೆ. ಒಂದು ಬೇಸಿಗೆ ಅದಕ್ಕೆ ಬೆಂಕಿ ಬಿದ್ದು, ಊರಿಗೆ ಊರೇ ಸೊಪ್ಪಿನ ಕೊಂಬೆ ಹಿಡಿದು ಬಡಿದು ಆರಿಸಿತ್ತಂತೆ. ಇದನ್ನು ಹೇಳುತ್ತಲೇ ಅವರು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕುಳಿತರು. ಗಿರಿಜಕ್ಕ ಗೋಡೆಯ ಆಚೆ ಕೈಮುಗಿದುಕೊಂಡು ನಿಂತಿದ್ದರು. ಮಾವ ಇನ್ನೊಮ್ಮೆ ಉದ್ದಕ್ಕೆ ಉಸಿರು ಎಳೆದುಕೊಂಡರು. ಆಮೇಲೆ ಅವರಿಗೂ ಅರ್ಥವಾಗಿರಬೇಕು. ತಮ್ಮ ಮೂಗನ್ನು ತಾವೇ ಒಮ್ಮೆ ಮುಟ್ಟಿ ನೋಡಿಕೊಂಡರು.

ಒಂದು ತುಂಡು ಕೊಡು ಎಂದರು. ಬೇಡ ಮಾವ, ಅದು ತಿನ್ನುವ ಹಾಗಿಲ್ಲ ಎಂದೆ. ಕೇಳಲಿಲ್ಲ. ಕೊನೆಗೆ ವಾರೆಯಾಗಿ ಬಿದ್ದಿದ್ದ ಮುಚ್ಚಳದ ಮರೆಯಲ್ಲಿ ನೆನೆಯದೆ ಉಳಿದಿದ್ದ ಒಂದು ತುಂಡನ್ನು ಹುಡುಕಿ, ಸುಟ್ಟ ಭಾಗವನ್ನೆಲ್ಲ ಕೆರೆದು, ಒಳಗಿನ ಕಡಲೆಯಷ್ಟು ಮಾಂಸವನ್ನು ಅವರ ಅಂಗೈಯಲ್ಲಿಟ್ಟೆ. ಬಾಯಿಗೆ ಹಾಕಿಕೊಂಡರು. ಕಣ್ಣು ಮುಚ್ಚಿ ಬಹಳ ಹೊತ್ತು ಅಗಿದರು. ನಾವು ಮೂವರೂ ಅವರ ದವಡೆಯನ್ನೇ ನೋಡುತ್ತಿದ್ದೆವು.

"ಚೆನ್ನಾಗಿಲ್ಲ ಕಣವ್ವ," ಎಂದರು.

ನಾನು ಅತ್ತುಬಿಟ್ಟೆ. ಮೂವತ್ತು ವರ್ಷಗಳ ಸಂಸಾರದಲ್ಲಿ ಆ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ನನಗೆ ಅದಕ್ಕಿಂತ ದೊಡ್ಡ ಪ್ರಶಸ್ತಿ ಯಾರೂ ಕೊಟ್ಟಿಲ್ಲ. ನನ್ನ ಗಂಡ ಇದ್ದಿಲು ಮೆತ್ತಿದ ಕೈಯಲ್ಲೇ ಕಣ್ಣೊರೆಸಿಕೊಂಡು ಮುಖವೆಲ್ಲ ಕಪ್ಪು ಮಾಡಿಕೊಂಡರು. ಗಿರಿಜಕ್ಕ ಮಾತ್ರ ನಾನು ಅವಮಾನದಿಂದ ಅಳುತ್ತಿದ್ದೇನೆ ಎಂದು ತಿಳಿದು, ಅಜ್ಜಾರ, ಹಂಗ ಮಾರಿ ಮ್ಯಾಲೆ ಹೇಳಬಾರದ್ರಿ, ಪಾಪ ಮುಂಜಾನಿಂದ ದುಡದಾರ ಎಂದು ಮಾವನನ್ನು ಗದರಿದರು.

ಆ ಮಧ್ಯಾಹ್ನ ಗಿರಿಜಕ್ಕನ ಮನೆಯಿಂದ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಬಂದವು. ಎಲ್ಲರೂ ಮಹಡಿಯ ಮೇಲೆಯೇ ಕುಳಿತು ತಿಂದೆವು. ಮಾವ ಒಂದು ರೊಟ್ಟಿ ಪೂರ್ತಿ ತಿಂದರು. ಚಟ್ನಿಯಲ್ಲಿ ಬೆಳ್ಳುಳ್ಳಿ ಇದೆ ಎಂದು ಗೊತ್ತಾಗುತ್ತಿದೆ, ಶೇಂಗಾ ಮಾತ್ರ ಇನ್ನೂ ಗೊತ್ತಾಗುತ್ತಿಲ್ಲ ಎಂದರು. ನನ್ನ ಹೊಗೆಯಿಂದಲೇ ಅವರ ಮೂಗು ತೆರೆಯಿತು ಎಂದು ಹೇಳಿಕೊಳ್ಳಲು ನನಗೆ ಬಹಳ ಆಸೆಯಿದೆ. ಡಾಕ್ಟರನ್ನು ಕೇಳಿದೆ. ಅದು ಬರುವ ಕಾಲಕ್ಕೆ ಬಂದಿದೆ, ಆ ದಿನ ನೀವು ಸುಮ್ಮನೆ ಇದ್ದಿದ್ದರೂ ಬರುತ್ತಿತ್ತು ಎಂದರು. ಡಾಕ್ಟರುಗಳಿಗೆ ಭೌತಶಾಸ್ತ್ರದವರನ್ನು ಕಂಡರೆ ಅಷ್ಟಕ್ಕಷ್ಟೆ.

ರುಚಿ ಒಮ್ಮೆಲೇ ಬರಲಿಲ್ಲ. ಇವತ್ತು ಒಂದು, ನಾಳೆ ಒಂದು ಎಂದು ಚೂರು ಚೂರಾಗಿ ಬಂತು. ಕಾಫಿ ಕೆಲವು ದಿನ ಮಣ್ಣಿನ ಹಾಗಿತ್ತಂತೆ. ಹುಣಸೆ ಬಂತು, ಸಾಸಿವೆ ಒಗ್ಗರಣೆ ಬಂತು, ಕೊತ್ತಂಬರಿ ಸೊಪ್ಪು ಬಹಳ ತಡಮಾಡಿತು. ರುಚಿಯ ಜೊತೆಗೆ ಮಾವನಿಗೆ ಮಾತೂ ಬಂತು. ಸಾರಿಗೆ ಹುಳಿ ಸಾಲದು, ಉಪ್ಪಿಟ್ಟು ಮುದ್ದೆಯಾಗಿದೆ, ಅವರೆಕಾಳಿಗೆ ಸೊಗಡಿಲ್ಲ ಎನ್ನತೊಡಗಿದರು. ಇಷ್ಟು ವರ್ಷ ತಡೆದಿಟ್ಟುಕೊಂಡಿದ್ದ ವಿಮರ್ಶೆಯೆಲ್ಲ ಹೊರಗೆ ಬರುತ್ತಿದೆ ಎಂದು ನನ್ನ ಗಂಡ ನಗುತ್ತಾರೆ. ಗಿರಿಜಕ್ಕ ಹೊಗೆ ಕುಡಿದ ಶಾವಿಗೆಯಲ್ಲಿ ಪಾಯಸ ಮಾಡಿ ಕಳಿಸಿದಾಗಲಂತೂ, ಇದನ್ನು ಕುಡಿಯುವುದಕ್ಕಿಂತ ಎದೆಗೆ ಹಚ್ಚಿಕೊಳ್ಳುವುದು ಒಳ್ಳೆಯದು ಎಂದು ಮಾವ ಸಲಹೆ ಕೊಟ್ಟರು.

ಮೈಯಲ್ಲಿ ಸ್ವಲ್ಪ ಶಕ್ತಿ ಬಂದ ಮೇಲೆ, ನೀನು ಸುಮ್ಮನೆ ಪಕ್ಕಕ್ಕಿರು, ಉಪ್ಪುಕಂಡ ಮಾಡುವುದು ಹೇಗೆ ಎಂದು ನಾನು ತೋರಿಸುತ್ತೇನೆ ಎಂದರು ಮಾವ. ಡ್ರಮ್ಮಿನ ಕಡೆ ತಿರುಗಿಯೂ ನೋಡಲಿಲ್ಲ. ನೀರಿನ ಟ್ಯಾಂಕಿನ ಕಬ್ಬಿಣದ ಸ್ಟ್ಯಾಂಡಿಗೆ ಹಗ್ಗ ಕಟ್ಟಿಸಿದರು. ಮಾಂಸವನ್ನು ಉದ್ದುದ್ದ ಸೀಳಿಸಿ, ತಾವೇ ಉಪ್ಪು, ಖಾರ ಹಚ್ಚಿ, ದಪ್ಪ ಸೂಜಿಯಲ್ಲಿ ದಾರಕ್ಕೆ ಪೋಣಿಸಿದರು. ಕೈ ನಡುಗುತ್ತಿತ್ತು, ಸೂಜಿ ಮಾತ್ರ ತಪ್ಪಲಿಲ್ಲ. ಬಿಸಿಲು ಚೆನ್ನಾಗಿ ಕುಡಿದ ಮೇಲೆ ಕೆಳಗೆ ನಾಲ್ಕು ಇಟ್ಟಿಗೆ ಇಟ್ಟು ತೆಂಗಿನ ಚಿಪ್ಪಿನ ಹೊಗೆ ಹಾಕಿದರು. ಗಿರಿಜಕ್ಕನ ಬದನೆಕಾಯಿಗೆ ದೂರದಲ್ಲಿ ಬೇರೆಯೇ ಇಟ್ಟಿಗೆ, ಬೇರೆಯೇ ಚಿಪ್ಪು. ನನ್ನ ಗಂಡನಿಗೆ ಹೊಗೆ ನೋಡಿಕೊಳ್ಳುವ ಕೆಲಸ ಸಿಕ್ಕಿತು.

ನನಗೂ ಒಂದು ಕೆಲಸ ಕೊಟ್ಟರು. ಕೈಯಲ್ಲಿ ಉದ್ದನೆಯ ಕೋಲು, ತಲೆಗೆ ಟವೆಲ್ಲು. ಮಾಂಸ ಬಿಸಿಲಿಗಿದ್ದಷ್ಟು ಹೊತ್ತೂ ಕಾಗೆ ಓಡಿಸಬೇಕು. ಎಂ.ಎಸ್ಸಿ. ಭೌತಶಾಸ್ತ್ರ, ಪ್ರಥಮ ದರ್ಜೆ. ನಿಷ್ಠೆಯಿಂದ ನಿಂತೆ.

ಸಂಜೆ ಮಾವ ಗೋಡೆಗೆ ಒರಗಿಕೊಂಡು ಗಿರಿಜಕ್ಕನ ಹತ್ತಿರ ಹೆಮ್ಮೆಯಿಂದ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು.

"ನಮ್ ಸೊಸೆ ಕಾಲೇಜಲ್ಲಿ ದೊಡ್ಡ ಪಾಠ ಮಾಡ್ತಾಳೆ ಕಣವ್ವ. ಈಗ ಕಾಗೆ ಓಡ್ಸೋದೂ ಕಲೀತಾವ್ಳೆ."

ಕಲಿಯುತ್ತಿದ್ದುದೇನೋ ನಿಜ. ಅಷ್ಟರಲ್ಲಿ ಎರಡು ತುಂಡು ಕಾಗೆಯ ಹೊಟ್ಟೆ ಸೇರಿದ್ದವು.